‘ಡೇಗನ್’ ಚಿತ್ರದ ಇಂಬೋಕಾ: ಊರಿಗೆ ಊರೇ ಗುಟ್ಟು ಕಾಯುವಾಗ ಭಯ ಹುಟ್ಟುವುದು ಎಲ್ಲಿಂದ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಸ್ಟುವರ್ಟ್ ಗಾರ್ಡನ್ ನಿರ್ದೇಶಿಸಿದ ‘ಡೇಗನ್’ (2001) ಚಿತ್ರವನ್ನು ಇತ್ತೀಚೆಗೆ ನೋಡಿದೆ. ಅದಕ್ಕೆ ಆಧಾರವಾದ, ಅಮೆರಿಕದ ಹಾರರ್ ಕಥೆಗಾರ ಎಚ್.ಪಿ. ಲವ್‌ಕ್ರಾಫ್ಟ್ ಅವರ ಇನ್ಸ್‌ಮೌತ್ ಎಂಬ ಊರಿನ ಕಥೆಯನ್ನು ಮೊದಲೇ ಓದಿದ್ದರಿಂದ ಹಂದರ ಹೊಸದೆನಿಸಲಿಲ್ಲ. ಸ್ಪೇನಿನ ಕರಾವಳಿಯಲ್ಲಿ ವಿಹಾರಕ್ಕೆ ಬಂದವರ ದೋಣಿ ಬಿರುಗಾಳಿಗೆ ಸಿಕ್ಕಿ ಬಂಡೆಗೆ ಬಡಿಯುತ್ತದೆ. ನೆರವು ಕೇಳಲು ಪಾಲ್ ಮತ್ತು ಬಾರ್ಬರಾ ದಡದಲ್ಲಿರುವ ಇಂಬೋಕಾ ಎಂಬ ಮೀನುಗಾರರ ಊರಿಗೆ ಬರುತ್ತಾರೆ. ಅಲ್ಲಿನವರು ಮನುಷ್ಯರಂತೆ ಕಂಡರೂ ಪೂರ್ತಿ ಮನುಷ್ಯರಲ್ಲ ಎಂಬುದು ಬಯಲಾಗುತ್ತಾ ಹೋಗುತ್ತದೆ. ಇದೆಲ್ಲ ಗೊತ್ತಿದ್ದೂ ಸಿನಿಮಾ ಮುಗಿದ ಮೇಲೆ ಬಹಳ ಹೊತ್ತು ನನಗೆ ಸಮಾಧಾನವಾಗಲಿಲ್ಲ.

ಕೇಳಬೇಕೆಂದಿರುವುದು ಇಷ್ಟು. ಹಾರರ್ ಸಿನಿಮಾಗಳಲ್ಲಿ ವಿಕಾರ ಜೀವಿಯನ್ನು ಎಷ್ಟು ಕಡಿಮೆ ತೋರಿಸಿದರೆ ಅಷ್ಟು ಒಳ್ಳೆಯದೆಂದು ಎಲ್ಲರೂ ಹೇಳುತ್ತಾರೆ. ಈ ಚಿತ್ರದಲ್ಲಾದರೋ ಮೊದಲ ಅರ್ಧ ಗಂಟೆ ಕಳೆಯುವುದರೊಳಗೆ ಕಿವಿರು, ಪೊರೆಗಟ್ಟಿದ ಬೆರಳು, ರೆಪ್ಪೆ ಬಡಿಯದ ಕಣ್ಣು ಎಲ್ಲವೂ ಕಣ್ಣೆದುರಿಗೆ ಬಂದುಬಿಡುತ್ತವೆ. ಕಂಪ್ಯೂಟರ್ ಗ್ರಾಫಿಕ್ಸ್ ಕೆಲವೆಡೆ ತೀರಾ ಕಳಪೆ. ಹೀಗಿದ್ದೂ ಭಯ ಕಡಿಮೆಯಾಗುವುದಿಲ್ಲ. ಹಾಗಾದರೆ ನಾವು ಹೆದರುತ್ತಿರುವುದು ಆ ಜೀವಿಗಳಿಗೋ, ಅವುಗಳನ್ನು ಒಳಗಿಟ್ಟುಕೊಂಡು ಬಾಳುತ್ತಿರುವ ಊರಿಗೋ?

ಇನ್ನೊಂದು ಪ್ರಶ್ನೆಯೂ ಇದೆ. ಮೂಲ ಕಥೆ ನಡೆಯುವುದು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ. ಗಾರ್ಡನ್ ಅದನ್ನು ಸ್ಪೇನಿನ ಗಲೀಸಿಯಾಕ್ಕೆ ಒಯ್ದಿದ್ದಾರೆ. ಇದರಿಂದ ಚಿತ್ರ ಗಳಿಸಿದ್ದೇನು, ಕಳೆದುಕೊಂಡದ್ದೇನು? ಎರಡನ್ನೂ ಬಲ್ಲವರು ವಿವರವಾಗಿ ಬರೆದರೆ ಉಪಕಾರವಾಗುತ್ತದೆ. ಕಥೆಯ ತಿರುವುಗಳನ್ನು ಮುಚ್ಚಿಡಬೇಕಾಗಿಲ್ಲ. ಚಿತ್ರ ನೋಡದವರು ಮುಂದೆ ಓದದಿರುವುದು ಒಳ್ಳೆಯದು.

ಉತ್ತರ 1

ನೀವು ಕೇಳಿರುವ ಮೊದಲ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಊರಿಗೇ. ಇಂಬೋಕಾದಲ್ಲಿ ವಿಕಾರ ಜೀವಿಗಳು ಎಲ್ಲಿಂದಲೋ ಬಂದು ಊರನ್ನು ಆಕ್ರಮಿಸಿಕೊಂಡಿಲ್ಲ. ಊರಿನವರೇ ಅವುಗಳನ್ನು ಕರೆದು ತಂದರು, ಬೆಲೆ ಕೊಟ್ಟರು, ಸಂಬಂಧ ಬೆಳೆಸಿದರು, ಕೊನೆಗೆ ತಾವೇ ಅವುಗಳಾದರು. ನನ್ನ ಓದಿನ ಪ್ರಕಾರ ಈ ಕಥೆಯ ಬೆನ್ನೆಲುಬು ಆ ವ್ಯವಹಾರ. ಮೈಮೇಲಿನ ಕಿವಿರುಗಳು ಅದರ ಪರಿಣಾಮ ಮಾತ್ರ.

ಚಿತ್ರದ ನಡುಭಾಗದಲ್ಲಿ ಊರಿನ ಕೊನೆಯ ಮನುಷ್ಯನಾದ ಕುಡುಕ ಮುದುಕ ಎಜೆಕಿಯೆಲ್ ಪಾಲ್‌ಗೆ ಹೇಳುವ ಹಳೆಯ ಕಥೆಯನ್ನು ನೆನಪಿಸಿಕೊಳ್ಳಿ. ಅವನ ಬಾಲ್ಯದಲ್ಲಿ ಇಂಬೋಕಾದ ಸಮುದ್ರದಲ್ಲಿ ಮೀನು ಸಿಗದಂತಾಗುತ್ತದೆ. ಇಗರ್ಜಿಯ ಪ್ರಾರ್ಥನೆಗೆ ಫಲ ಕಾಣುವುದಿಲ್ಲ. ಆಗ ಹಡಗಿನ ಕಪ್ತಾನ ಕಾಂಬಾರೊ ಬೇರೊಂದು ದೇವರ ಸುದ್ದಿಯನ್ನು ತರುತ್ತಾನೆ. ಡೇಗನ್‌ಗೆ ಪೂಜೆ ಸಲ್ಲಿಸಿದ ಕೂಡಲೇ ಬಲೆಗಳು ತುಂಬುತ್ತವೆ, ಮೀನಿನೊಡನೆ ಬಂಗಾರವೂ ಮೇಲೆ ಬರುತ್ತದೆ. ಜನ ತಮ್ಮ ಕೈಯಿಂದಲೇ ಶಿಲುಬೆಯನ್ನು ಒಡೆದು ಇಗರ್ಜಿಯನ್ನು ಹೊಸ ದೇವರಿಗೆ ಒಪ್ಪಿಸುತ್ತಾರೆ. ಬಲಿ ಬೇಕೆಂಬ ಬೇಡಿಕೆ ಅನಂತರದ್ದು. ಅಷ್ಟು ಹೊತ್ತಿಗೆ ಹಿಂದಿರುಗುವ ದಾರಿ ಮುಚ್ಚಿರುತ್ತದೆ. ಇಲ್ಲಿ ಒಬ್ಬ ಖಳನ ದುರಾಸೆಗಿಂತ ಹಸಿದ ಊರೊಂದು ಹಂತಹಂತವಾಗಿ ಒಪ್ಪುತ್ತಾ ಹೋಗುವ ಕ್ರಮವೇ ಮುಖ್ಯ. ಪ್ರತಿಯೊಂದು ಹಂತವೂ ಅದರ ಹಿಂದಿನದಕ್ಕಿಂತ ಸ್ವಲ್ಪವೇ ಹೆಚ್ಚು ಕೆಟ್ಟದ್ದಾಗಿರುವುದರಿಂದ ಯಾರಿಗೂ ‘ಇಲ್ಲಿಗೆ ಸಾಕು’ ಎನ್ನಲು ಜಾಗ ಸಿಗುವುದಿಲ್ಲ.

ಲವ್‌ಕ್ರಾಫ್ಟ್ 1931ರಲ್ಲಿ ಬರೆದ ಮೂಲದಲ್ಲಿ ಈ ಲೆಕ್ಕಾಚಾರ ಇನ್ನೂ ವಿವರವಾಗಿದೆ. ಅಲ್ಲಿ ಓಬೆಡ್ ಮಾರ್ಷ್ ಎಂಬ ಕಪ್ತಾನ ಪೆಸಿಫಿಕ್ ದ್ವೀಪವೊಂದರ ಜನರಿಂದ ವಿಚಿತ್ರ ಬಂಗಾರದ ಒಡವೆಗಳನ್ನು ಅಗ್ಗಕ್ಕೆ ಕೊಂಡು ತಂದು ಊರನ್ನು ಸಾಕುತ್ತಿರುತ್ತಾನೆ. 1838ರ ಹೊತ್ತಿಗೆ ಸುತ್ತಲಿನ ದ್ವೀಪದವರು ಆ ಜನರನ್ನು ನಾಶಮಾಡುವುದರಿಂದ ವ್ಯಾಪಾರ ನಿಲ್ಲುತ್ತದೆ, ಇನ್ಸ್‌ಮೌತ್ ಸೊರಗುತ್ತದೆ. ಮಾರ್ಷ್ ಸಮುದ್ರದೊಳಗಿನ ಜೀವಿಗಳನ್ನು ನೇರವಾಗಿ ಕರೆಯುವುದು ಆ ಬಳಿಕ. 1846ರಲ್ಲಿ ವಿರೋಧಿಸಿದವರನ್ನು ಒಂದೇ ರಾತ್ರಿಯಲ್ಲಿ ಮುಗಿಸಲಾಗುತ್ತದೆ, ಹೊರಜಗತ್ತಿಗೆ ಅದನ್ನು ಸಾಂಕ್ರಾಮಿಕ ರೋಗವೆಂದು ಹೇಳಲಾಗುತ್ತದೆ. ಸುಳ್ಳು ಎಷ್ಟು ಸರಳವಾಗಿದೆ ನೋಡಿ. ರೋಗವಿದ್ದ ಊರಿಗೆ ಯಾರೂ ಬರುವುದಿಲ್ಲ, ಸತ್ತವರ ಲೆಕ್ಕ ಕೇಳುವುದಿಲ್ಲ. ಗುಟ್ಟು ಕಾಯಲು ಗೋಡೆ ಕಟ್ಟುವ ಅಗತ್ಯವೇ ಬೀಳುವುದಿಲ್ಲ. ಅಕ್ಕಪಕ್ಕದ ಊರುಗಳ ಅಸಹ್ಯವೇ ಆ ಕೆಲಸ ಮಾಡುತ್ತದೆ. ಕಥೆಯ ನಿರೂಪಕ ಅಲ್ಲಿಗೆ ಬಂದಿದ್ದಾದರೂ ಏಕೆ? ರೈಲಿನ ದರ ಹೆಚ್ಚಾಯಿತೆಂದು ಅಗ್ಗದ ಬಸ್ಸು ಹತ್ತಿದ್ದರಿಂದ. ಆ ಬಸ್ಸನ್ನು ಬೇರೆ ಊರಿನವರು ಹತ್ತುವುದೇ ಇಲ್ಲ.

ಈಗ ನೀವು ಕೇಳಿದ ‘ತೋರಿಸುವ–ಅಡಗಿಸುವ’ ವಿಷಯಕ್ಕೆ ಬರುತ್ತೇನೆ. ಜೀವಿಯನ್ನು ತೋರಿಸಬಾರದೆಂಬ ನಿಯಮ ಅನ್ವಯಿಸುವುದು ಜೀವಿ ಒಂದೇ ಇದ್ದು, ಅದರ ರೂಪವೇ ಕಥೆಯ ಉತ್ತರವಾಗಿದ್ದಾಗ. ಇಂಬೋಕಾದಲ್ಲಿ ಹಾಗಿಲ್ಲ. ಇಲ್ಲಿ ಪ್ರತಿಯೊಬ್ಬರೂ ಬದಲಾವಣೆಯ ಬೇರೆ ಬೇರೆ ಹಂತದಲ್ಲಿದ್ದಾರೆ: ಒಬ್ಬರ ಕತ್ತಿನಲ್ಲಿ ಕಿವಿರು ಮಾತ್ರ, ಇನ್ನೊಬ್ಬರಿಗೆ ನಡಿಗೆಯೇ ಕಷ್ಟ, ಮತ್ತೊಬ್ಬರು ಎರಡು ಕಾಲಿನ ಪ್ರಾಣಿಯ ಲಕ್ಷಣವನ್ನೇ ಕಳೆದುಕೊಂಡವರು. ಒಂದು ಮುಖವನ್ನು ಕಂಡ ಮಾತ್ರಕ್ಕೆ ಗುಟ್ಟು ತಿಳಿದಂತಾಗುವುದಿಲ್ಲ, ಮುಂದಿನ ಮುಖ ಇನ್ನೆಷ್ಟು ದೂರ ಹೋಗಿದೆಯೋ ಎಂಬ ಆತಂಕ ಉಳಿದೇ ಇರುತ್ತದೆ.

ನನಗೆ ಚಿತ್ರದ ಅತ್ಯುತ್ತಮ ಭಾಗ ಹೋಟೆಲ್ ಕೋಣೆಯ ದೃಶ್ಯ. ಅದು ನೇರವಾಗಿ ಮೂಲ ಕಥೆಯಿಂದ ಬಂದದ್ದು. ಕಥೆಯ ನಿರೂಪಕನಿಗೆ ಕೊಟ್ಟ ಕೋಣೆಯ ಬಾಗಿಲಿನಲ್ಲಿ ಚಿಲಕವಿಲ್ಲ. ಇತ್ತೀಚಿನವರೆಗೂ ಅಲ್ಲಿ ಚಿಲಕವಿದ್ದ ಗುರುತಿದೆ, ಯಾರೋ ಬಿಚ್ಚಿದ್ದಾರೆ. ಅವನು ಗಾಬರಿಪಟ್ಟು ಓಡುವುದಿಲ್ಲ. ಕೋಣೆಯಲ್ಲಿದ್ದ ಬಟ್ಟೆಯ ಬೀರುವಿನ ಚಿಲಕ ಅದೇ ಅಳತೆಯದೆಂದು ಗಮನಿಸಿ, ತನ್ನ ಕೀಲಿಗೊಂಚಲಿನಲ್ಲಿದ್ದ ಪುಟ್ಟ ಸ್ಕ್ರೂಡ್ರೈವರ್‌ನಿಂದ ಅದನ್ನು ಬಿಚ್ಚಿ ಬಾಗಿಲಿಗೆ ಕೂರಿಸುತ್ತಾನೆ. ಮೂರು ನಾಲ್ಕು ಸ್ಕ್ರೂಗಳ ಈ ಕೆಲಸ ಮುಗಿಯುವುದರೊಳಗೆ ಓದುಗನಿಗೆ ಎಲ್ಲವೂ ಅರ್ಥವಾಗಿರುತ್ತದೆ: ಅತಿಥಿಗೆ ಕೋಣೆ ಕೊಡುವ ಮೊದಲೇ ಆ ರಾತ್ರಿಯ ಸಿದ್ಧತೆ ನಡೆದಿದೆ, ಅದನ್ನು ಮಾಡಿದವರು ಕೆಳಗೆ ಮೇಜಿನ ಹಿಂದೆ ನಿಂತಿದ್ದ ಜನರೇ. ಬಿಚ್ಚಿದ ಚಿಲಕದ ಆ ಗುರುತು ಹುಟ್ಟಿಸುವ ಭಯವನ್ನು ಯಾವ ಗ್ರಾಫಿಕ್ಸ್ ಕೂಡ ಹುಟ್ಟಿಸಲಾರದು. ಗಾರ್ಡನ್ ಇದನ್ನು ಉಳಿಸಿಕೊಂಡದ್ದು ಅವರಿಗೆ ಈ ಕಥೆಯ ನಾಡಿ ಗೊತ್ತಿತ್ತೆಂಬುದಕ್ಕೆ ಸಾಕ್ಷಿ.

ಉತ್ತರ 2

ಮೇಲಿನ ಉತ್ತರಕ್ಕೆ ಬಹುಪಾಲು ನನ್ನ ಸಮ್ಮತಿಯಿದೆ. ಗಲೀಸಿಯಾದ ವಿಷಯ ಉಳಿದಿರುವುದರಿಂದ ಅದನ್ನು ಹೇಳುತ್ತೇನೆ.

ಗಾರ್ಡನ್ ಮತ್ತು ಚಿತ್ರಕಥೆ ಬರೆದ ಡೆನಿಸ್ ಪಾವೋಲಿ ಇಬ್ಬರೂ 1980ರ ದಶಕದಲ್ಲೇ, ಅಂದರೆ ‘ರೀ-ಆನಿಮೇಟರ್’ (1985) ಚಿತ್ರದ ಬಳಿಕ, ಇನ್ಸ್‌ಮೌತ್ ಕಥೆಯನ್ನು ತೆರೆಗೆ ತರಲು ಪ್ರಯತ್ನಿಸಿದ್ದರು. ಬಂಡವಾಳ ಒದಗಿಬರಲಿಲ್ಲ. ಕೊನೆಗೆ ನಿರ್ಮಾಪಕ ಬ್ರಯಾನ್ ಯುಜ್ನಾ ಸ್ಪೇನಿನ ಫಿಲ್ಮ್ಯಾಕ್ಸ್ ಸಂಸ್ಥೆಯ ಜೊತೆಗೂಡಿ ಹಾರರ್ ಚಿತ್ರಗಳನ್ನು ತೆಗೆಯತೊಡಗಿದಾಗ ಅವಕಾಶ ಸಿಕ್ಕಿತು. ಸ್ಪೇನಿನ ಹಣದಲ್ಲಿ ಮ್ಯಾಸಚೂಸೆಟ್ಸನ್ನು ನಕಲು ಮಾಡುವುದರ ಬದಲು ಅವರು ಕಥೆಯನ್ನೇ ಅಲ್ಲಿನ ಕರಾವಳಿಗೆ ತಂದರು. ಹೀಗೆ ಅನಿವಾರ್ಯವೇ ಅನುಕೂಲವಾಯಿತು.

ಚಿತ್ರೀಕರಣ ನಡೆದ ಕೊಂಬಾರ್ರೊ ಊರಿನ ಫೋಟೋಗಳನ್ನು ಒಮ್ಮೆ ನೋಡಿ. ಅದು ಪೊಂತೆವೆದ್ರಾ ಪ್ರಾಂತದಲ್ಲಿರುವ ಕಡಲ ಅಂಚಿನ ಹಳ್ಳಿ. ನೀರಿನ ಅಂಚಿಗೇ ಸಾಲಾಗಿ ‘ಓರಿಯೊ’ ಎಂಬ ಕಣಜಗಳಿವೆ. ಕಲ್ಲಿನ ಕಾಲುಗಳ ಮೇಲೆ ನೆಲದಿಂದ ಎತ್ತರಿಸಿ ಕಟ್ಟಿದ, ಗಾಳಿಯಾಡಲು ಸಂದುಗಳನ್ನು ಬಿಟ್ಟ, ಚಾವಣಿಯ ಮೇಲೆ ಶಿಲುಬೆ ನಿಲ್ಲಿಸಿದ ಪುಟ್ಟ ಕಟ್ಟಡಗಳು. ಇಲಿ ಹೆಗ್ಗಣ ಹತ್ತದಂತೆ ಕಾಲಿನ ತುದಿಗೂ ಕಣಜಕ್ಕೂ ನಡುವೆ ಚಪ್ಪಟೆ ಕಲ್ಲು ಇಟ್ಟಿರುತ್ತಾರೆ. ಮೆಕ್ಕೆಜೋಳವನ್ನು ತೇವದಿಂದ ಕಾಪಾಡಲು ಕಟ್ಟಿದ ಈ ರಚನೆ ಮಳೆಯ ರಾತ್ರಿಯಲ್ಲಿ ಕಾಲಿನ ಮೇಲೆ ನಿಂತ ಶವಪೆಟ್ಟಿಗೆಯಂತೆ ಕಾಣುತ್ತದೆ. ಓಣಿಗಳು ಇಕ್ಕಟ್ಟು, ಎಲ್ಲವೂ ಬೂದು ಗ್ರಾನೈಟ್ ಕಲ್ಲು. ಕಲಾ ನಿರ್ದೇಶಕರು ಸೆಟ್ ಹಾಕಿ ಇಂತಹ ಊರನ್ನು ಕಟ್ಟಲು ಹೊರಟಿದ್ದರೆ ಚಿತ್ರದ ಬಂಡವಾಳವೆಲ್ಲ ಅದಕ್ಕೇ ಮುಗಿಯುತ್ತಿತ್ತು.

ಮಾತಿನ ಬಳಕೆ ಇನ್ನೂ ದೊಡ್ಡ ಗಳಿಕೆ. ಊರಿನವರು ಆಡುವ ಮಾತಿಗೆ ಚಿತ್ರದಲ್ಲಿ ಸಬ್‌ಟೈಟಲ್ ಇಲ್ಲ. ಪಾಲ್‌ಗೆ ಸ್ಪ್ಯಾನಿಷ್ ಬಾರದು, ಹಾಗಾಗಿ ನಮಗೂ ಬಾರದು. ಪಾದ್ರಿ ಏನೆಂದ, ಹೋಟೆಲಿನವನು ಏನು ಒದರಿದ, ಬೀದಿಯ ಗುಂಪು ಏನೆಂದು ಕೂಗುತ್ತಿದೆ ಎಂಬುದು ತಿಳಿಯದೆ ಅವನ ಜೊತೆಗೇ ನಾವೂ ತಡಕಾಡುತ್ತೇವೆ. ಮೂಲ ಕಥೆಯಲ್ಲಿ ನಿರೂಪಕನಿಗೆ ಊರಿನ ಭಾಷೆ ಗೊತ್ತು. ಕಿರಾಣಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಹೊರಊರಿನ ಹುಡುಗನೊಬ್ಬ ನಕ್ಷೆ ಬರೆದುಕೊಟ್ಟು ಯಾವ ಬೀದಿಗೆ ಹೋಗಬಾರದೆಂದು ಎಚ್ಚರಿಸುತ್ತಾನೆ. ಪಾಲ್‌ಗೆ ಅಂತಹ ನಕ್ಷೆಯೂ ಇಲ್ಲ, ಹುಡುಗನೂ ಇಲ್ಲ.

ಎಜೆಕಿಯೆಲ್ ಪಾತ್ರ ಮಾಡಿದ ಫ್ರಾನ್ಸಿಸ್ಕೊ ರಬಾಲ್ ಬಗ್ಗೆ ಬರೆಯದೆ ಮುಗಿಸಲಾರೆ. ಲೂಯಿಸ್ ಬುನ್ಯುಯೆಲ್ ಅವರ ‘ನಸಾರಿನ್’ (1959) ಮತ್ತು ‘ವಿರಿದಿಯಾನಾ’ (1961) ಚಿತ್ರಗಳ ನಟ ಅವರು. 1984ರಲ್ಲಿ ಕಾನ್ ಚಿತ್ರೋತ್ಸವದ ಶ್ರೇಷ್ಠ ನಟ ಪ್ರಶಸ್ತಿಯನ್ನು ಹಂಚಿಕೊಂಡವರು. ‘ನಸಾರಿನ್’ನಲ್ಲಿ ತನ್ನ ನಂಬಿಕೆಗಾಗಿ ಎಲ್ಲವನ್ನೂ ಕಳೆದುಕೊಳ್ಳುವ ಪಾದ್ರಿಯಾಗಿದ್ದ ನಟ ಇಲ್ಲಿ ಜೀವಂತವಾಗಿ ಚರ್ಮ ಸುಲಿಸಿಕೊಳ್ಳುತ್ತಾ ಕ್ರೈಸ್ತ ಪ್ರಾರ್ಥನೆಯನ್ನು ಹೇಳುವ ಮುದುಕನಾಗಿದ್ದಾರೆ. ಆ ದೃಶ್ಯ ನೋಡಲು ಬಹಳ ಕಠಿಣ. ಮನಸ್ಸು ಗಟ್ಟಿಯಿಲ್ಲದವರು ಅದನ್ನು ದಾಟಿಸಿಕೊಂಡು ನೋಡುವುದೇ ವಾಸಿ. ಆದರೆ ಊರೆಲ್ಲ ಒಪ್ಪಿದಾಗ ಒಪ್ಪದೆ ಉಳಿದ ಒಬ್ಬನ ದನಿಗೆ ಅಷ್ಟು ತೂಕ ಬರಲು ರಬಾಲ್ ಅವರಂಥ ನಟನೇ ಬೇಕಿತ್ತು. 2001ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು, ಚಿತ್ರವನ್ನು ಅವರ ನೆನಪಿಗೇ ಅರ್ಪಿಸಲಾಗಿದೆ.

ಕಳೆದುಕೊಂಡದ್ದು ಒಂದೇ, ಆದರೆ ಅದು ಸಣ್ಣದಲ್ಲ. ಲವ್‌ಕ್ರಾಫ್ಟ್ ಕಥೆ ಶುರುವಾಗುವುದೇ ಸರ್ಕಾರದ ದಾಳಿಯ ಸುದ್ದಿಯಿಂದ. 1927–28ರ ಚಳಿಗಾಲದಲ್ಲಿ ಕೇಂದ್ರ ಸರ್ಕಾರದ ಅಧಿಕಾರಿಗಳು ಇನ್ಸ್‌ಮೌತ್‌ಗೆ ನುಗ್ಗಿ, ಪಾಳುಬಿದ್ದ ಮನೆಗಳನ್ನು ಸಿಡಿಮದ್ದಿಟ್ಟು ಉರುಳಿಸಿ, ಜನರನ್ನು ಹಿಡಿದೊಯ್ಯುತ್ತಾರೆ. ಜಲಾಂತರ್ಗಾಮಿಯೊಂದು ಕಡಲಿನ ಆಳಕ್ಕೆ ಟಾರ್ಪೆಡೊ ಹಾರಿಸುತ್ತದೆ. ಬಂಧಿತರ ವಿಚಾರಣೆ ನಡೆದದ್ದನ್ನು ಯಾರೂ ಕಾಣುವುದಿಲ್ಲ, ಪತ್ರಿಕೆಗಳು ಕ್ರಮೇಣ ಸುಮ್ಮನಾಗುತ್ತವೆ. ಊರು ಮುಚ್ಚಿಟ್ಟ ಗುಟ್ಟನ್ನು ಬಿಚ್ಚಿದ ಸರ್ಕಾರವೇ ಅದನ್ನು ಮತ್ತೆ ಮುಚ್ಚಿಡುತ್ತದೆ. ಒಂದು ರಾತ್ರಿಯ ಬೆನ್ನಟ್ಟುವಿಕೆಯಾಗಿ ಕಥೆಯನ್ನು ಕಟ್ಟಿದ ಚಿತ್ರದಲ್ಲಿ ಇದಕ್ಕೆ ಎಡೆಯಿಲ್ಲ.

ಉತ್ತರ 3

ನಾನು ಉಡುಪಿ ಜಿಲ್ಲೆಯ ಕರಾವಳಿಯವನು. ಇಂಬೋಕಾದ ಮುದುಕ ಹೇಳುವ ಕಥೆಯಲ್ಲಿ ನನ್ನನ್ನು ಹಿಡಿದದ್ದು ದೇವರೂ ಅಲ್ಲ, ಬಂಗಾರವೂ ಅಲ್ಲ, ಮೀನು ಬಾರದ ಬಲೆ. ನಮ್ಮಲ್ಲಿ ಇದನ್ನು ಮತ್ಸ್ಯಕ್ಷಾಮ ಎನ್ನುತ್ತೇವೆ. ಜೂನ್ ಮತ್ತು ಜುಲೈ ತಿಂಗಳ ನಿಷೇಧ ಮುಗಿಸಿ ಕಡಲಿಗಿಳಿದ ಬೋಟು ಡೀಸೆಲ್ ಖರ್ಚೂ ಹುಟ್ಟದೆ ಹಿಂದಿರುಗಿದರೆ ಬಂದರಿನಲ್ಲಿ ಐಸ್ ಹೊಡೆಯುವವರಿಂದ ಹಿಡಿದು ಬುಟ್ಟಿ ಹೊತ್ತು ಮನೆಮನೆಗೆ ಮಾರುವ ಹೆಂಗಸರವರೆಗೆ ಎಲ್ಲರ ಒಲೆಯೂ ತಣ್ಣಗಾಗುತ್ತದೆ. ಹಾಗಾಗಿ ಕಾಂಬಾರೊ ಮೊದಲ ಸಲ ತುಂಬಿದ ಬಲೆ ಎಳೆದಾಗ ಜನ ಕುಣಿದರೆಂಬುದನ್ನು ನಾನು ಸುಲಭವಾಗಿ ನಂಬಬಲ್ಲೆ.

ಆದರೆ ಇಂತಹ ಕಥೆಗಳ ಬಗ್ಗೆ ನನ್ನದೊಂದು ಆಕ್ಷೇಪವಿದೆ. ಮೀನುಗಾರರ ಊರೆಂದರೆ ನಾತ, ಮೌನ, ಹೊರಗಿನವರನ್ನು ಕಂಡರೆ ಆಗದ ಜನ ಎಂದು ಪಟ್ಟಣದಿಂದ ಬಂದವನ ಕಣ್ಣಿನಿಂದಲೇ ತೋರಿಸುತ್ತಾರೆ. ಕಡಲನ್ನು ಪೂಜಿಸುವುದರಲ್ಲಿ ಭಯಂಕರವಾದದ್ದೇನೂ ಇಲ್ಲ. ನಮ್ಮ ಮೊಗವೀರರು ಮೀನುಗಾರಿಕೆ ಶುರುವಾಗುವ ಮೊದಲು ಸಮುದ್ರಪೂಜೆ ಮಾಡಿ ಹಾಲೆರೆದು ತೆಂಗಿನಕಾಯಿ ಬಿಡುತ್ತಾರೆ. ಗಲೀಸಿಯಾದ ಮೀನುಗಾರರು ಜುಲೈ 16ರಂದು ಕಾರ್ಮೆನ್ ಮಾತೆಯ ಮೂರ್ತಿಯನ್ನು ದೋಣಿಯಲ್ಲಿಟ್ಟು ಕಡಲಿನಲ್ಲಿ ಮೆರವಣಿಗೆ ಮಾಡುತ್ತಾರೆ. ಎರಡೂ ಕಡೆ ಬೇಡುವುದು ಹೋದವರು ಹಿಂದಿರುಗಲಿ ಎಂದು. ಚಿತ್ರದಲ್ಲಿ ಆ ಬೇಡಿಕೆಯ ಸುಳಿವು ಎಜೆಕಿಯೆಲ್‌ನ ಕಥೆಯಲ್ಲಿ ಒಂದಿಷ್ಟು ಸಿಗುತ್ತದೆ, ಉಳಿದಂತೆ ಊರಿನವರಲ್ಲಿ ಒಬ್ಬರಿಗೂ ಸ್ವಂತ ಮನಸ್ಸೆಂಬುದು ಕಾಣುವುದಿಲ್ಲ.

ಉತ್ತರ 4

ಮೂರನೆಯ ಉತ್ತರದ ಆಕ್ಷೇಪವನ್ನು ಇನ್ನಷ್ಟು ಮುಂದಕ್ಕೆ ಒಯ್ಯಬೇಕಾಗಿದೆ, ಏಕೆಂದರೆ ಅದರ ಬೇರು ಮೂಲ ಕಥೆಯಲ್ಲೇ ಇದೆ. ಮೊದಲ ಉತ್ತರ ಬರೆದವರು ಇದನ್ನು ವ್ಯವಹಾರದ ಕಥೆಯೆಂದು ಓದಿದ್ದಾರೆ. ಆ ಓದು ಸರಿಯಾಗಿದೆ, ಆದರೆ ಪೂರ್ತಿಯಲ್ಲ. ಲವ್‌ಕ್ರಾಫ್ಟ್ ಅವರಿಗೆ ವ್ಯವಹಾರಕ್ಕಿಂತ ರಕ್ತದ ಬೆರಕೆ ಹೆಚ್ಚು ಭಯ ಹುಟ್ಟಿಸಿತ್ತು. ಅವರು ವರ್ಣದ್ವೇಷಿಯಾಗಿದ್ದರೆಂಬುದು ಅವರ ಪತ್ರಗಳಿಂದಲೇ ನಿಸ್ಸಂದೇಹವಾಗಿ ತಿಳಿಯುತ್ತದೆ. ಇನ್ಸ್‌ಮೌತ್ ಜನರ ‘ಆ ಮುಖಚಹರೆ’ಗೆ ಸುತ್ತಲಿನ ಊರಿನವರು ಕೊಡುವ ಮೊದಲ ವಿವರಣೆಯೇ ಅವರ ಹಿರಿಯರು ದೂರದ ದ್ವೀಪಗಳ ಹೆಂಗಸರನ್ನು ಮದುವೆಯಾಗಿ ತಂದರೆಂಬುದು. ಆ ವಿವರಣೆಯಲ್ಲಿರುವ ತಿರಸ್ಕಾರವನ್ನು ಕಥೆ ಪ್ರಶ್ನಿಸುವುದಿಲ್ಲ. ಅದಕ್ಕಿಂತ ಭೀಕರವಾದ ಇನ್ನೊಂದು ಬೆರಕೆಯನ್ನು ಮುಂದಿಟ್ಟು ಅದನ್ನೇ ಬಲಪಡಿಸುತ್ತದೆ. ನಾವು, ಅಂದರೆ ಅದೇ ದೃಷ್ಟಿಯಲ್ಲಿ ಕೀಳೆಂದು ಎಣಿಸಲ್ಪಟ್ಟ ಜನ, ಈ ಕಥೆಯನ್ನು ಓದುವಾಗ ಇದನ್ನು ಮರೆಯಲಾಗದು.

ಇದಕ್ಕೆ ಇನ್ನೊಂದು ಮುಖವೂ ಇದೆ. ಲವ್‌ಕ್ರಾಫ್ಟ್ ಅವರ ತಂದೆ 1898ರಲ್ಲಿ, ತಾಯಿ 1921ರಲ್ಲಿ, ಇಬ್ಬರೂ ಪ್ರಾವಿಡೆನ್ಸ್‌ನ ಬಟ್ಲರ್ ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡರು. ಹಿರಿಯರಿಂದ ಇಳಿದುಬಂದದ್ದು ತನ್ನ ಮೈಯಲ್ಲೂ ಕಾದು ಕುಳಿತಿರಬಹುದೆಂಬ ದಿಗಿಲು ಈ ಕಥೆಯ ಕೊನೆಯ ಪುಟಗಳಲ್ಲಿ ನಿಜವಾಗಿಯೂ ನಡುಗುತ್ತದೆ. ದ್ವೇಷ ಮತ್ತು ಸ್ವಂತ ನೋವು ಒಂದೇ ಕಥೆಯೊಳಗೆ ಹೆಣೆದುಕೊಂಡಿರುವುದರಿಂದಲೇ ಅದನ್ನು ಸುಲಭವಾಗಿ ಒಪ್ಪಲೂ ಆಗುವುದಿಲ್ಲ, ಎಸೆಯಲೂ ಆಗುವುದಿಲ್ಲ. ಪತ್ರಿಕೆಯಿಂದ ತಿರಸ್ಕೃತವಾದ ಈ ಕಥೆ 1936ರಲ್ಲಿ ಸಣ್ಣ ಪ್ರಕಾಶನವೊಂದರಿಂದ ಪುಸ್ತಕವಾಗಿ ಬಂತು. ಅವರ ಜೀವಿತಕಾಲದಲ್ಲಿ ಹೊರಬಂದ ಒಂದೇ ಪುಸ್ತಕ ಅದು. ಮರುವರ್ಷವೇ ಅವರು ತೀರಿಕೊಂಡರು.

ಗಾರ್ಡನ್ ಅವರ ಚಿತ್ರ ಕಥೆಯನ್ನು ಯುರೋಪಿನೊಳಗೇ ಇಟ್ಟು ದ್ವೀಪವಾಸಿಗಳನ್ನು ಕೈಬಿಟ್ಟಿದ್ದರಿಂದ ಆ ವರ್ಣದ್ವೇಷದ ಪದರ ಬಹುಮಟ್ಟಿಗೆ ಕಳಚಿಹೋಗಿದೆ. ಇದು ಒಳ್ಳೆಯ ಬದಲಾವಣೆ. ಆದರೆ ಅದರ ಜಾಗಕ್ಕೆ ಬಂದದ್ದನ್ನೂ ಹೇಳಬೇಕು. ಚಿತ್ರದ ಹೆಂಗಸರ ಪಾಡು ಏನಾಯಿತು? ದೋಣಿಯಲ್ಲೇ ಸಿಕ್ಕಿಹಾಕಿಕೊಂಡ ವಿಕಿ ಮತ್ತು ಊರಿಗೆ ಬಂದ ಬಾರ್ಬರಾ ಇಬ್ಬರೂ ಆ ದೇವರಿಗೆ ಮೀಸಲಾದ ಮೈಗಳಾಗಿ ಉಳಿಯುತ್ತಾರೆ. ಬಾರ್ಬರಾ ಆರಂಭದಲ್ಲಿ ಗಟ್ಟಿಗಿತ್ತಿ. ಕಂಪ್ಯೂಟರ್ ಬಿಟ್ಟು ತಲೆಯೆತ್ತದ ಪಾಲ್‌ನ ಲ್ಯಾಪ್‌ಟಾಪನ್ನೇ ಸಮುದ್ರಕ್ಕೆ ಎಸೆಯುವವಳು, ಊರಿನಲ್ಲಿ ನೆರವು ಕೇಳಲು ಮುಂದಾಗುವವಳು, ಸ್ಪ್ಯಾನಿಷ್ ಬಲ್ಲವಳು. ಅಂಥವಳನ್ನು ಕೊನೆಗೆ ಸರಪಳಿಯಲ್ಲಿ ಕಟ್ಟಿ ಬಾವಿಯೊಳಗೆ ಇಳಿಸುವ ದೃಶ್ಯದಲ್ಲಿ ಕ್ಯಾಮೆರಾ ಅವಳ ಭಯಕ್ಕಿಂತ ಅವಳ ಬೆತ್ತಲೆ ಮೈಯನ್ನು ಹೆಚ್ಚು ನೋಡುತ್ತದೆ. ಮೂಲದಲ್ಲಿ ಹೆಂಗಸರ ಪಾತ್ರಗಳೇ ಇಲ್ಲವೆನ್ನಬಹುದು. ಚಿತ್ರ ಅವರನ್ನು ತಂದದ್ದು ಬಲಿಗಾಗಿಯೇ ಎಂಬುದು ನನ್ನ ಬೇಸರ. ಇದಕ್ಕೆ ಹೊರತಾದವಳು ಮಕರೇನಾ ಗೋಮೆಜ್ ಅಭಿನಯಿಸಿದ, ಆ ದೇವರ ಪೂಜಾರಿಣಿ ಉಶಿಯಾ ಒಬ್ಬಳೇ. ಅವಳ ದೊಡ್ಡ ಕಣ್ಣುಗಳಲ್ಲಿ ಪ್ರೀತಿ, ಅಧಿಕಾರ, ಹಸಿವು ಮೂರೂ ಒಟ್ಟಿಗೆ ಕಾಣುತ್ತವೆ. ಊರಿನವರಲ್ಲಿ ಒಬ್ಬರಿಗೂ ಸ್ವಂತ ಮನಸ್ಸಿಲ್ಲವೆಂದು ಮೂರನೆಯ ಉತ್ತರದಲ್ಲಿ ಬರೆದಿದ್ದಾರೆ. ಉಶಿಯಾಳನ್ನು ಅವರು ಇನ್ನೊಮ್ಮೆ ಗಮನಿಸಬೇಕೆಂದು ಕೋರುತ್ತೇನೆ.

ಪ್ರಶ್ನೆ ಕೇಳಿದವರು

ಇಷ್ಟು ಶ್ರದ್ಧೆಯಿಂದ ಬರೆದ ಎಲ್ಲರಿಗೂ ಧನ್ಯವಾದ. ಉಶಿಯಾಳ ಮಾತು ಬಂದದ್ದರಿಂದ ನನ್ನ ಉಳಿದ ಸಂದೇಹವನ್ನೂ ಕೇಳಿಬಿಡುತ್ತೇನೆ. ಪಾಲ್ ಆ ಊರಿನವನೇ, ಕಾಂಬಾರೊ ಮನೆತನದವನೇ ಎಂದು ಕೊನೆಯಲ್ಲಿ ತಿಳಿಯುತ್ತದೆ. ಅವನು ಮೈಗೆ ಬೆಂಕಿ ಹಚ್ಚಿಕೊಳ್ಳುತ್ತಾನೆ, ಉಶಿಯಾ ಅವನನ್ನು ನೀರಿಗೆ ಎಳೆದುಕೊಳ್ಳುತ್ತಾಳೆ, ಅವನಿಗೆ ಕಿವಿರು ತೆರೆಯುತ್ತದೆ. ಈ ಅಂತ್ಯ ಕಥೆಯ ಅಂತ್ಯಕ್ಕೆ ನಿಷ್ಠವಾಗಿದೆಯೇ? ಊರಿನ ಒಪ್ಪಂದವೇ ಮುಖ್ಯವೆಂದಾದರೆ, ಒಪ್ಪದವನನ್ನೂ ರಕ್ತಸಂಬಂಧದ ಹೆಸರಿನಲ್ಲಿ ಒಳಗೆ ಸೇರಿಸಿಕೊಳ್ಳುವುದು ಆ ವಾದವನ್ನು ದುರ್ಬಲಗೊಳಿಸುವುದಿಲ್ಲವೇ?

ಉತ್ತರ 1 ಬರೆದವರು

ಇದು ನಿಜಕ್ಕೂ ಕಷ್ಟದ ಪ್ರಶ್ನೆ. ನಾಲ್ಕನೆಯ ಉತ್ತರ ಬರೆದವರು ರಕ್ತದ ವಿಷಯವನ್ನು ಎತ್ತಿದ್ದು ಸರಿಯಾಗಿಯೇ ಇದೆ. ಅದನ್ನೂ ಸೇರಿಸಿಕೊಂಡೇ ಉತ್ತರಿಸುತ್ತೇನೆ.

ಘಟನೆಯ ಮಟ್ಟದಲ್ಲಿ ಚಿತ್ರ ಮೂಲಕ್ಕೆ ನಿಷ್ಠವಾಗಿದೆ. ಲವ್‌ಕ್ರಾಫ್ಟ್ ಕಥೆಯ ನಿರೂಪಕನೂ ಓಬೆಡ್ ಮಾರ್ಷ್‌ನ ಸಂತತಿಯವನೇ. ಆದರೆ ಎರಡರ ನಡುವೆ ಕಾಲದ ವ್ಯತ್ಯಾಸವಿದೆ, ನಿಮ್ಮ ಪ್ರಶ್ನೆಗೆ ಉತ್ತರ ಸಿಗುವುದು ಅಲ್ಲಿಯೇ. ನಿರೂಪಕ ಇನ್ಸ್‌ಮೌತ್‌ನಿಂದ ತಪ್ಪಿಸಿಕೊಂಡು ಬಂದು ಸರ್ಕಾರಕ್ಕೆ ದೂರು ಕೊಡುತ್ತಾನೆ. ಆಮೇಲೆ ಮನೆತನದ ಹಳೆಯ ಒಡವೆಗಳನ್ನು ನೋಡುತ್ತಾನೆ, ಅಜ್ಜಿಯ ಚಿತ್ರ ನೋಡುತ್ತಾನೆ, ಕನಸುಗಳು ಬೀಳತೊಡಗುತ್ತವೆ, ಕನ್ನಡಿಯಲ್ಲಿ ತನ್ನ ಮುಖದಲ್ಲೇ ಆ ಚಹರೆ ಮೂಡುವುದನ್ನು ಕಾಣುತ್ತಾನೆ. ಒಮ್ಮೆ ಪಿಸ್ತೂಲು ಕೊಂಡು ಸಾಯಲು ಹೊರಟವನು ನಿಧಾನಕ್ಕೆ ಮನಸ್ಸು ಬದಲಿಸುತ್ತಾನೆ. ಹುಚ್ಚಾಸ್ಪತ್ರೆಯಲ್ಲಿರುವ ದಾಯಾದಿಯನ್ನು ಬಿಡಿಸಿಕೊಂಡು ಇಬ್ಬರೂ ಕಡಲಿನ ಆಳದ ನಗರಕ್ಕೆ ಹೋಗುವ ಯೋಜನೆ ಹಾಕುವಲ್ಲಿ ಕಥೆ ಮುಗಿಯುತ್ತದೆ. ಆ ಹೊತ್ತಿಗೆ ಅವನ ದನಿಯಲ್ಲಿ ಭಯದ ಲವಲೇಶವೂ ಇಲ್ಲ, ಹಬ್ಬಕ್ಕೆ ಹೊರಟವನ ಉತ್ಸಾಹವಿದೆ. ಊರಿನವರು ಹಿಂದೊಮ್ಮೆ ನಡೆದ ಹಾದಿಯನ್ನೇ ಅವನೂ ನಡೆದಿದ್ದಾನೆ. ಮೊದಲು ಅಸಹ್ಯ, ಆಮೇಲೆ ರೂಢಿ, ಕೊನೆಗೆ ಸಂತೋಷದ ಒಪ್ಪಿಗೆ. ಅವನನ್ನು ಅವರೊಂದಿಗೆ ಒಂದು ಮಾಡಿದ್ದು ರಕ್ತವೇ ಇರಬಹುದು, ಆದರೆ ಪಿಸ್ತೂಲನ್ನು ಕೆಳಗಿಟ್ಟದ್ದು ಅವನೇ.

ಪಾಲ್‌ಗೆ ಆ ಕಾಲಾವಕಾಶವೇ ಸಿಗುವುದಿಲ್ಲ. ತಾನು ಯಾರೆಂದು ತಿಳಿದ ಕೆಲವೇ ಗಳಿಗೆಗಳಲ್ಲಿ ಅವನು ಮೈಮೇಲೆ ಸೀಮೆಎಣ್ಣೆ ಸುರಿದುಕೊಂಡು ಬೆಂಕಿ ಹಚ್ಚಿಕೊಳ್ಳುತ್ತಾನೆ. ಅದು ಸ್ಪಷ್ಟವಾದ ನಿರಾಕರಣೆ. ನೀರಿಗೆ ಎಳೆದದ್ದು ಉಶಿಯಾ. ಕಿವಿರು ತೆರೆದದ್ದು ಅವನ ಇಚ್ಛೆಯಿಂದಲ್ಲ. ಆದ್ದರಿಂದ ನೀವು ಗುರುತಿಸಿದ ದೌರ್ಬಲ್ಯ ಚಿತ್ರದಲ್ಲಿ ನಿಜವಾಗಿಯೂ ಇದೆ. ಅದನ್ನು ಸರಿದೂಗಿಸಲೆಂದೇ ಇರಬೇಕು, ಕೊನೆಯಲ್ಲಿ ಮೂಲ ಕಥೆಯ ಮುಕ್ತಾಯದ ವಾಕ್ಯವನ್ನು ತೆರೆಯ ಮೇಲೆ ಅಕ್ಷರಗಳಲ್ಲಿ ಮೂಡಿಸುತ್ತಾರೆ. ಪುಸ್ತಕದಲ್ಲಿ ಹಲವು ತಿಂಗಳ ಒಳಜಗಳದ ಬಳಿಕ ಬರುವ ಆ ಮಾತು ಇಲ್ಲಿ ಒಂದೇ ಕ್ಷಣದ ಈಜಿಗೆ ಅಂಟಿಸಿದಂತೆ ಕಾಣುತ್ತದೆ.

ಹೀಗಿದ್ದೂ ಚಿತ್ರದ ಪರವಾಗಿ ಒಂದು ಮಾತಿದೆ. ಆರಂಭದ ದೃಶ್ಯದಲ್ಲೇ ಪಾಲ್ ಕಡಲಿನ ಆಳದ ಕನಸು ಕಾಣುತ್ತಿರುತ್ತಾನೆ, ಅಲ್ಲಿ ಉಶಿಯಾ ಇರುತ್ತಾಳೆ. ದೋಣಿ ಇಂಬೋಕಾದ ಹತ್ತಿರ ಬರುವ ಮೊದಲೇ ಊರು ಅವನೊಳಗೆ ಬಂದಿತ್ತು. ಎರಡನೆಯ ಸಲ ನೋಡುವಾಗ ಅವನ ಪ್ರತಿಯೊಂದು ಓಟವೂ ಬೇರೆಯಾಗಿ ಕಾಣುತ್ತದೆ. ಬೀದಿಯ ಜನ ಅವನನ್ನು ಕೊಲ್ಲಲು ಬೆನ್ನಟ್ಟುತ್ತಿದ್ದಾರೋ, ಮನೆಗೆ ಕರೆದೊಯ್ಯಲೋ ಎಂದು ಮತ್ತೆ ಮತ್ತೆ ಕೇಳಿಕೊಳ್ಳಬೇಕಾಗುತ್ತದೆ.

ಇದೇ ಬಗೆಯ ಕಥೆಗಳನ್ನು ಇನ್ನೂ ನೋಡಬೇಕೆಂದಿದ್ದರೆ ಎರಡನ್ನು ಸೂಚಿಸುತ್ತೇನೆ. ರಾಬಿನ್ ಹಾರ್ಡಿ ನಿರ್ದೇಶನದ ‘ದಿ ವಿಕರ್ ಮ್ಯಾನ್’ (1973) ಚಿತ್ರದಲ್ಲಿ ವಿಕಾರ ಜೀವಿಗಳಿಲ್ಲ, ಸೇಬಿನ ಫಸಲು ಕೈಕೊಟ್ಟ ಸ್ಕಾಟ್ಲೆಂಡಿನ ದ್ವೀಪವೊಂದರ ನಗುಮುಖದ ಜನರಿದ್ದಾರೆ; ಒಪ್ಪಂದದ ಭಯವನ್ನು ಇಷ್ಟು ನಿಚ್ಚಳವಾಗಿ ತೋರಿಸಿದ ಚಿತ್ರ ಇನ್ನೊಂದಿಲ್ಲವೆಂದೇ ನನ್ನ ಅಭಿಪ್ರಾಯ. ನಮ್ಮ ದೇಶದ್ದೇ ಬೇಕೆಂದರೆ ರಾಹಿ ಅನಿಲ್ ಬರ್ವೆ ನಿರ್ದೇಶನದ ‘ತುಂಬಾಡ್’ (2018) ಇದೆ. ಅಲ್ಲಿ ಗುಟ್ಟು ಊರಿನದಲ್ಲ, ಒಂದು ಮನೆತನದ್ದು. ಬಂಗಾರಕ್ಕಾಗಿ ತಂದೆ ತನ್ನ ಮಗನಿಗೂ ಅದೇ ಬಾವಿಗೆ ಇಳಿಯುವುದನ್ನು ಕಲಿಸುತ್ತಾನೆ. ಇಂಬೋಕಾದ ಜನ ತಮ್ಮ ಮಕ್ಕಳಿಗೆ ಏನು ಹೇಳಿ ಬೆಳೆಸಿರಬಹುದೆಂಬುದನ್ನು ಗಾರ್ಡನ್ ಅವರ ಚಿತ್ರ ತೋರಿಸುವುದಿಲ್ಲ, ‘ತುಂಬಾಡ್’ ತೋರಿಸುತ್ತದೆ.